ನೀನು ಬೇರೆ ತಂಡದ ಜರ್ಸಿ ತೊಟ್ಟ ದಿನ

ಸೋಸಲೆ

ಮಧು,

ಪಕ್ಕದ ಬೀದಿಯವನಿಗೆ ಪತ್ರ ಬರೆಯುವುದು ನಗೆಪಾಟಲೇ ಸರಿ. ನೀನು ಫೋನ್ ಎತ್ತುತ್ತಿಲ್ಲ, ಎದುರು ಸಿಕ್ಕರೆ ಬೈಕ್ ತಿರುಗಿಸಿಕೊಂಡು ಹೋಗುತ್ತೀಯ. ಕ್ಷಮೆ ಕೇಳಲು ಬರೆಯುತ್ತಿದ್ದೇನೆ ಅಂದುಕೊಳ್ಳಬೇಡ. ಹೆದರಿಕೆ ತಡೆಯಲಾಗದೆ ಬರೆಯುತ್ತಿದ್ದೇನೆ.

ಬಿಳಿಗೆರೆಯ ಪಂದ್ಯದಲ್ಲಿ ಯಾವಾಗಿನಂತೆ ನಾವಿಬ್ಬರೂ ಕೈ ಕೈ ಹಿಡಿದು ಮೂಲೆ ಕಾಯುತ್ತಿದ್ದೆವು. ಎದುರು ತಂಡದವನು ಇನ್ನೂ ನಡುಗೆರೆಯ ಹತ್ತಿರವೇ ಕಬಡ್ಡಿ ಕಬಡ್ಡಿ ಅನ್ನುತ್ತಿದ್ದ. ನಿನ್ನ ಕೈ ತಣ್ಣಗಾಗಿ ನನ್ನ ಹಿಡಿತದಿಂದ ಜಾರಿತು. ತಿರುಗಿ ನೋಡುವಷ್ಟರಲ್ಲಿ ನೀನು ಮಣ್ಣಿನಲ್ಲಿದ್ದೆ. ಕಾಲು ಜಾರಿತೆಂದು ಎಲ್ಲರೂ ನಕ್ಕರು. ಎದ್ದು ಕೂತು ನೀನೂ ನಕ್ಕೆ. ಕಪ್ಪಿಟ್ಟಿದ್ದ ನಿನ್ನ ತುಟಿ ನೋಡಿದವನು ನಾನೊಬ್ಬನೇ.

ಬಲವಂತ ಮಾಡಿ ಮೈಸೂರಿಗೆ ಕರೆದುಕೊಂಡು ಹೋದೆ. ಹೃದಯದ ಗೋಡೆ ದಪ್ಪಗಾಗಿದೆ, ಮಾತ್ರೆ ನುಂಗಿಕೊಂಡು ಕೆಲಸಕ್ಕೆ ಹೋಗಬಹುದು, ಆಟ ಮಾತ್ರ ಬೇಡ, ಆಡುತ್ತಿರುವಾಗಲೇ ಎದೆಬಡಿತ ನಿಂತುಬಿಡಬಹುದು ಎಂದರು ಡಾಕ್ಟರು. ವಾಪಸ್ ಬರುವಾಗ ಬಸ್ಸಿನ ಕಿಟಕಿಗೆ ಮುಖ ಹಾಕಿಕೊಂಡು ನೀನು ಅಂದೆ: "ಯಾರ್ಗೂ ಯೋಳ್ಬ್ಯಾಡ ಕಣ್ಲಾ. ಮನೇಲಿ ಕವನಂಗೂ ಬ್ಯಾಡ. ಆಡ್ದಿದ್ರೆ ನನ್ನ ಯಾರ್ಲಾ ಗುರ್ತಿಸ್ತಾರೆ?"

ನಾನು ಹೂಂ ಅಂದೆ.

ಮಾರನೆಯ ದಿನವೇ ನೀನು ಅಭ್ಯಾಸಕ್ಕೆ ಬಂದೆ. ನೀನು ರೈಡ್‌ಗೆ ಹೋದಾಗಲೆಲ್ಲ ನಾನು ಆಟ ನೋಡುತ್ತಿರಲಿಲ್ಲ, ನಿನ್ನ ಉಸಿರು ಕೇಳಿಸಿಕೊಳ್ಳುತ್ತಿದ್ದೆ. ದನಿ ಎಲ್ಲಿ ತುಂಡಾಗುತ್ತದೋ ಎಂದು. ಕೊನೆಗೆ ನಮ್ಮ ಕ್ಯಾಪ್ಟನ್ ಚಿಕ್ಕಸ್ವಾಮಿಯಣ್ಣನಿಗೆ ಹೇಳಿದೆ. ಅವನು ನಿನ್ನನ್ನು ಕೈಬಿಟ್ಟ. ನೀನು ಹಟ ಹಿಡಿದು ನಂಜನಗೂಡಿನ ಪಂದ್ಯಾವಳಿಗೆ ಬೇರೆ ತಂಡದ ಜರ್ಸಿ ಹಾಕಿಕೊಂಡೆ. ಸುದ್ದಿ ಸಿಕ್ಕಿದಾಗ ನಿನ್ನ ಹೆಂಡತಿಗೂ ಹೇಳಿಬಿಟ್ಟೆ. ಕವನ ಅಳಲಿಲ್ಲ. ಒಲೆ ಆರಿಸಿ ನನ್ನ ಬೈಕ್ ಹತ್ತಿದಳು.

ನಾವು ತಲುಪಿದಾಗ ನೀನು ಅಂಕಣಕ್ಕೆ ಇಳಿದಾಗಿತ್ತು. ನಾನು ನುಗ್ಗಿ ನಿನ್ನೆದುರು ನಿಂತೆ. ಸೀಟಿ ಊದಿದರು, ಯಾರೋ ನನ್ನ ಕಾಲರ್ ಹಿಡಿದು ಎಳೆದರು. ನೀನು ಎರಡೂ ಕೈಯಿಂದ ನನ್ನನ್ನು ತಳ್ಳಿದೆ. "ಸತ್ರೆ ನಾನ್ ಸಾಯ್ತೀನಿ, ನಿಂಗೇನ್ಲಾ?"

"ನಿನ್ ಎಣ ಒರೋಕೆ ನನ್ ಕೈಲಾಗಲ್ಲ ಕಣೋ," ಅಂದೆ.

ನೀನು ಗೆರೆಯಾಚೆ ನಿಂತಿದ್ದ ಕವನಳನ್ನು ನೋಡಿದೆ. ಜರ್ಸಿ ಬಿಚ್ಚಿ ಎಸೆದು ಹೊರಟುಹೋದೆ.

ಹೆದರಿಕೆ ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಈಗ ಬೆಳಗಾದರೆ ನೀನು ಹೊಳೆದಂಡೆಯಲ್ಲಿ ಒಬ್ಬನೇ ಓಡುತ್ತೀಯ. ದೂರದಿಂದ ಹಿಂದೆ ಹಿಂದೆಯೇ ಬರುವವನು ನಾನೇ. ಎದೆ ನಿಂತವರ ಎದೆ ಒತ್ತುವುದು ಹೇಗೆಂದು ಆಸ್ಪತ್ರೆಯ ನರ್ಸ್ ಒಬ್ಬರಿಂದ ಕಲಿತಿದ್ದೇನೆ. ಮನೆಯಲ್ಲಿ ಹೊಟ್ಟಿನ ಮೂಟೆಯ ಮೇಲೆ ಒತ್ತಿ ಒತ್ತಿ ನೋಡುತ್ತೇನೆ. ಒತ್ತುವಾಗ ನಿನ್ನ ಮುಖ ಕಣ್ಣಿಗೆ ಬಂದು ಎಣಿಕೆ ತಪ್ಪುತ್ತದೆ, ಮತ್ತೆ ಒಂದರಿಂದ ಶುರುಮಾಡುತ್ತೇನೆ.

ನನ್ನ ಜೊತೆ ಮಾತು ಬಿಟ್ಟಿರು, ಪರವಾಗಿಲ್ಲ. ಮುದುಕನಾಗುವವರೆಗೂ ನನ್ನನ್ನು ಬೈದುಕೊಂಡೇ ಬಾಳು. ಓಟ ಬಿಡಲಾಗದಿದ್ದರೆ ಮೆಲ್ಲಗೆ ಓಡು ಮಧು. ನಿನ್ನಷ್ಟು ವೇಗ ನನಗಿಲ್ಲ. ನೀನು ಬಿದ್ದರೆ ನಾನು ಬಂದು ಮುಟ್ಟುವುದು ತಡವಾಗುತ್ತದೆ.

ನಿನ್ನ ಉಸಿರು ಗಟ್ಟಿಯಾಗಿರಲಿ.

ನಿನ್ನವನೇ,
ಸಿದ್ಧಾರ್ಥ