ಐದಕ್ಷರದ ಹೆಸರು

ರಾಜಾಜಿನಗರ, ಬೆಂಗಳೂರು
ಸೋಮವಾರ, ೧೩-೯-೧೯೭೬

ಪ್ರೀತಿಯ ಯಜಮಾನರಿಗೆ, ನಿಮ್ಮ ಅಂಬುಜಾ ಮಾಡುವ ನಮಸ್ಕಾರಗಳು.

ನಿಮ್ಮ ಕೆಮ್ಮು ಹೇಗಿದೆ? ಹೊಸಪೇಟೆಯ ಮೆಸ್ಸಿನ ಊಟದಲ್ಲಿ ಖಾರ ಜಾಸ್ತಿ ಎಂದು ಬರೆದಿದ್ದಿರಿ. ಮಜ್ಜಿಗೆ ಕೇಳಿ ಹಾಕಿಸಿಕೊಳ್ಳಿ, ಸಂಕೋಚ ಬೇಡ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ, ಬರೆದಿದ್ದೇನೆ. ನಲ್ಲಿ ನೀರು ಬೆಳಕು ಹರಿಯುವ ಮುಂಚೆ ಬಂದು ಹಂಡೆ ತುಂಬುವುದರೊಳಗೆ ನಿಂತುಹೋಗುತ್ತದೆ. ನೀರು ಹಿಡಿದು, ಅಡುಗೆ ಮಾಡಿಟ್ಟು, ಸ್ಕೂಲಿಗೆ ಓಡಿ, ಮಕ್ಕಳ ಹತ್ತಿರ ಕಿರುಚಿ, ಬಂದು ಮತ್ತೆ ಒಲೆ ಮುಂದೆ ನಿಲ್ಲುವ ಹೊತ್ತಿಗೆ ಸೊಂಟ ಬಿದ್ದೇ ಹೋಗಿರುತ್ತದೆ. ಸುಸ್ತು ಅಂತ ಬರೆದರೆ ಟಾನಿಕ್ ಕುಡಿ ಅಂತೀರಿ. ಅದಕ್ಕೇ ಬರೆಯುವುದಿಲ್ಲ.

ಅತ್ತೆಯವರು ಭಾನುವಾರದ ಪದಬಂಧ ಇನ್ನೂ ಬಿಟ್ಟಿಲ್ಲ. ನಿಮಗೆ ಗೊತ್ತಲ್ಲ, ಪೇಪರ್ ಬಂದ ತಕ್ಷಣ ಆ ಪುಟ ಅವರದು. ಮಾವನವರು ಬದುಕಿದ್ದಾಗಲೂ ಅವರಿಗೆ ಸಿಗುತ್ತಿದ್ದುದು ಮಿಕ್ಕ ಪುಟಗಳೇ. ಈಗ ಅತ್ತೆಗೆ ಕಣ್ಣು ಮಂಜಾದ ಮೇಲೆ ನಾನು ಸುಳಿವು ಓದುವುದು, ಅವರು ಬತ್ತಿ ಹೊಸೆಯುತ್ತಾ ಉತ್ತರ ಹೇಳುವುದು. ಪುರಾಣದ್ದೋ ಅಡುಗೆಯದೋ ಆದರೆ ನಾನು ಓದಿ ಮುಗಿಸುವ ಮುಂಚೆಯೇ ಉತ್ತರ ಸಿದ್ಧ. ನಾನು ತಡವರಿಸಿದರೆ "ಏನೇ ಟೀಚರಮ್ಮ, ಇಷ್ಟೂ ಬರಲ್ವೇನೇ?" ಎಂದು ಛೇಡಿಸುತ್ತಾರೆ. ಇಡೀ ವಾರದಲ್ಲಿ ನಾನು ಕೂತು ನಗುವುದು ಅದೊಂದು ಹೊತ್ತು.

ಈಚೆಗೆ ಕೊಂಚ ನಿಧಾನ. ಹೊಸೆದ ಬತ್ತಿಯನ್ನೇ ಮತ್ತೆ ಹೊಸೆಯುತ್ತಾರೆ. ಒಂದು ಸುಳಿವಿಗೆ ಹೇಳಿದ್ದನ್ನೇ ಇನ್ನೊಂದಕ್ಕೂ ಹೇಳುತ್ತಾರೆ. ವಯಸ್ಸಾಯಿತಲ್ಲ ಎಂದು ನಾನೇ ತುಂಬಿಸಿ, ಎಲ್ಲಾ ನೀವೇ ಹೇಳಿದ್ದು ಅಂತೀನಿ. ಬೀಗುತ್ತಾರೆ.

ನಿನ್ನೆ ಬಂದ ಸುಳಿವು ಕೇಳಿ: ವಿಷ್ಣುವಿನ ಹೆಸರು, ಮನುಷ್ಯರಲ್ಲಿ ಶ್ರೇಷ್ಠನಾದವನು, ಐದಕ್ಷರ. ನೋಡಿದೊಡನೆ ನನಗೆ ನಗು. ನಾನು ಈ ಮನೆಗೆ ಬಂದ ಹೊಸದರಲ್ಲೂ ಇಂಥದ್ದೇ ಬಂದಿತ್ತು, ನೆನಪಿದೆಯೇ? ಅತ್ತೆಗೆ ಉತ್ತರ ಗೊತ್ತು, ಆದರೆ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಮಾವನವರ ಕಡೆ ಗದ್ದ ತೋರಿಸಿ "ಅಲ್ಲಿ ಕೂತಿದಾರಲ್ಲ, ಅವರನ್ನೇ ತುಂಬ್ಕೊಳ್ಳೇ" ಅಂದಿದ್ದರು. ಮಾವನವರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ನಕ್ಕಿದ್ದರು. ರೇಷನ್ ಅಂಗಡಿಯಲ್ಲಿ ಯಜಮಾನರ ಹೆಸರು ಕೇಳಿದರೂ ಅತ್ತೆ ಚಿಕ್ಕವರಾಗಿದ್ದ ನಿಮ್ಮನ್ನೇ ಮುಂದೆ ತಳ್ಳುತ್ತಿದ್ದರಂತೆ. ಅಂಥವರು ನಿನ್ನೆ ಬತ್ತಿ ಹೊಸೆಯುತ್ತಲೇ "ಪುರುಷೋತ್ತಮ" ಅಂದುಬಿಟ್ಟರು. ಗಟ್ಟಿಯಾಗಿಯೇ. ನಾಚಿಕೆಯಿಲ್ಲ, ಗೋಡೆಯ ಮೇಲಿನ ಮಾವನವರ ಫೋಟೋ ಕಡೆ ಮುಖ ತಿರುಗಿಸಲೂ ಇಲ್ಲ. ನಾನು ಬರೆದುಕೊಂಡೆ. ನಗು ಬರಲಿಲ್ಲ.

ಬಡ್ತಿ ಬರುವ ಮಾರ್ಚ್‌ವರೆಗೆ ಅಲ್ಲೇ ಇದ್ದು ಆಮೇಲೆ ಬೆಂಗಳೂರಿಗೆ ವರ್ಗ ಕೇಳುತ್ತೇನೆ ಎಂದು ಬರೆದಿದ್ದೀರಿ. ನೀವು ಹೇಳಿದ ಮೇಲೆ ಸರಿಯೇ ಇರಬೇಕು. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಅತ್ತೆಯವರು ನಿಮಗೆ ಆಶೀರ್ವಾದ ತಿಳಿಸಿದ್ದಾರೆ.

ಇಂತಿ ನಿಮ್ಮ,
ಅಂಬುಜಾ

ವಿ.ಸೂ.: ಆಶೀರ್ವಾದ ತಿಳಿಸಿದ್ದಾರೆ ಎಂದದ್ದು ಸುಳ್ಳು. ಮಗನಿಗೆ ಕಾಗದ ಬರೀತಿದೀನಿ, ಏನು ತಿಳಿಸಲಿ ಅಂತ ಈಗಷ್ಟೇ ಕೇಳಿದೆ. "ಯಾರ ಮಗನಿಗೆ?" ಅಂದರು. "ನಿಮ್ಮ ಮಗ ಅತ್ತೆ, ನಮ್ಮನೆಯವ್ರು" ಅಂದೆ. ಯಾರೋ ಹೊಸಬರನ್ನು ನೋಡುವಂತೆ ನನ್ನ ಮುಖ ನೋಡಿದರು. ನನಗೆ ಹೆದರಿಕೆಯಾಯಿತು. ಮದುವೆಯಾದಾಗಿನಿಂದ ಕವರಿನ ಮೇಲೆ ಬರೆದಿದ್ದೇನೆಯೇ ಹೊರತು ಬಾಯಲ್ಲಿ ಆಡಿರದ ಹೆಸರನ್ನು ಅವರ ಕಿವಿಯ ಹತ್ತಿರ ಹೇಳಿದೆ. ಸೇತುರಾಮ. ಮತ್ತೆ ಮತ್ತೆ ಹೇಳಿದೆ. ಯೋಚನೆ ಮಾಡಿ "ಎಷ್ಟು ಅಕ್ಷರ?" ಅಂತ ಕೇಳಿದರು. ಮಾರ್ಚ್ ಬೇಡ. ಈಗಲೇ ಹೊರಟು ಬನ್ನಿ.