ಗೋಡೆಗೆ ಮುಖ ಮಾಡಿ ಆಡಿದ ಮಾತು

ಕೊಪ್ಪಳ
12-2-2023

ಪ್ರೀತಿಯ ವಿಜಯಕ್ಕನಿಗೆ ರಂಜಿತಾಳ ನಮಸ್ಕಾರ.

ಸಂಕ್ರಾಂತಿಗೇ ಬರೆಯಬೇಕಿತ್ತು, ತಪ್ಪಾಯಿತು. ಬರೆಯಲು ಕೂತು ನಾಲ್ಕು ಸಲ ಎದ್ದಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ಅವ್ವನ ಹೆಸರೆತ್ತಿದ ಕೂಡಲೇ ಇಟ್ಟುಬಿಡುತ್ತೀ. ಅದಕ್ಕೇ ಈ ಕಾಗದ. ಓದದೆ ಹರಿಯಬೇಡ.

ನನ್ನ ಸಂಶೋಧನೆ ಏನೆಂದು ಕೇಳಿದ್ದೆಯಲ್ಲ? ಮಾತು ಮಾರ್ದನಿಸುವ ಕೋಣೆಯಲ್ಲಿ ಯಾರು ಎಲ್ಲಿ ನಿಂತು ಮಾತಾಡುತ್ತಿದ್ದಾರೆ, ಎತ್ತ ಸರಿದರು ಎಂದು ಪತ್ತೆ ಹಚ್ಚಲು ಕಂಪ್ಯೂಟರಿಗೆ ಕಲಿಸುವುದು. ನ್ಯೂರಲ್ ನೆಟ್‌ವರ್ಕ್ ಅನ್ನುತ್ತಾರೆ. ಧ್ವನಿ ಕೇಳಿಸಿ, ಆಡಿದವರು ನಿಂತ ಜಾಗವನ್ನು ಸಾವಿರ ಸಲ ತೋರಿಸಿಕೊಟ್ಟರೆ ಅದು ಕಲಿಯುತ್ತದೆ. ಪ್ರತಿಧ್ವನಿಗೆ ನಮ್ಮ ತಳಕಲ್ಲಿನ ಸಮುದಾಯ ಭವನಕ್ಕಿಂತ ಬೇರೆ ಜಾಗ ಬೇಕೆ? ಆ ತಗಡಿನ ಚಾವಣಿ ನಿನಗೂ ಗೊತ್ತು. ಕಳೆದ ವಾರ ನಾಲ್ಕು ಮೂಲೆಗೂ ಮೈಕ್ ಕಟ್ಟಿ, ಮನೆಯವರನ್ನೇ ಕರೆದು, ಏನು ಅಡುಗೆ, ಏನು ಊಟ ಎಂದು ಮಾತಾಡಿಸಿದೆ.

ಹುಚ್ಚೀರಪ್ಪ ದೊಡ್ಡಪ್ಪ ಕೋಲೂರಿಕೊಂಡು ಮಾತಾಡುತ್ತ ನಡೆದರೆ ಪರದೆಯ ಮೇಲಿನ ಚುಕ್ಕಿ ಅವರ ಬೆನ್ನಿಗೇ ನಡೆಯಿತು. ಅವರು ಕುರ್ಚಿಯಲ್ಲಿ ಕೂತ ಮೇಲೆ ಅವ್ವನ ಸರದಿ. ಚುಕ್ಕಿ ಅವಳು ನಿಂತಲ್ಲಿಗೆ ಬಾರದೆ, ಹೋಗಿ ಗೋಡೆಗೆ ಅಂಟಿಕೊಂಡಿತು.

"ಮೇಡಂ, ನಿಮ್ಮವ್ವಾರು ಗೋಡ್ಯಾಗಿಂದ ಮಾತಾಡಾಕತ್ತಾರ ನೋಡ್ರಿ," ಎಂದು ಜೊತೆಗೆ ಕೆಲಸ ಮಾಡುವ ಇಮಾಮಬಾನು ನಕ್ಕಳು. ತಿರುಗಿ ನೋಡಿದರೆ ಅವ್ವ ತಲೆಯ ಮೇಲೆ ಸೆರಗೆಳೆದು ಗೋಡೆಗೆ ಮುಖ ಮಾಡಿ ನಿಂತಿದ್ದಾಳೆ! ಮೈಕಿಗೆ ಸಿಕ್ಕಿದ್ದು ಗೋಡೆಗೆ ಬಡಿದು ಬಂದ ಮಾತು.

"ಈ ಕಡೆ ತಿರಗವ್ವ," ಅಂದೆ.

"ಭಾವಾರು ಕುಂತಾರಲ್ಲ, ಹ್ಯಾಂಗ ತಿರಗಲಿ?" ಎಂದವಳು ಗೋಡೆಗೇ ಹೇಳಿದಳು, "ರೊಟ್ಟಿ, ಪುಂಡಿಪಲ್ಯ ಮಾಡೀನಿ. ನಮ್ಮ ದೊಡ್ಡಾಕಿಗೆ ಭಾಳ ಸೇರ್ತಿತ್ತು."

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಕಾಲೇಜಿನಲ್ಲಿ ಪಾಠ ಮಾಡುವಾಗ ನಡುವೆ ಮಾತು ಮರೆಯುತ್ತೇನೆ, ಒಲೆಯ ಮೇಲೆ ಹಾಲಿಟ್ಟು ಹೊರಗೆ ಹೋಗಿ ನಿಲ್ಲುತ್ತೇನೆ. ಯಂತ್ರವೇನೋ ಕಲಿತೀತು. ಅವ್ವ ನಿಜವಾಗಿ ನಿಂತ ಜಾಗಕ್ಕೆ, ಗೊತ್ತಿದ್ದವರು ಗುರುತು ಹಾಕಿಕೊಟ್ಟರಾಯಿತು.

ಅವಳ ಮಂಡಿ ನೋವು ಹಾಗೇ ಇದೆ. ನಿನ್ನ ಮಗಳು ದೀಪಿಕಾಳ ಪರೀಕ್ಷೆ ಛಲೋ ಆಗಲಿ. ಎಷ್ಟು ಓದುತ್ತಾಳೋ ಅಷ್ಟು ಓದಲಿ, ಚಿಕ್ಕಮ್ಮನ ಆಶೀರ್ವಾದ ಹೇಳು.

ನಿನ್ನ ತಂಗಿ
ರಂಜಿತಾ

ತಾ.ಕ.: 1999ರಲ್ಲಿ ನಿನ್ನ ಕಾಲೇಜು ಬಿಡಿಸಿ ಕುಷ್ಟಗಿಗೆ ಕೊಡುವ ಮಾತಿಗೆ ಹಿರಿಯರು ಇದೇ ಭವನದಲ್ಲಿ ಕೂಡಿದ್ದರು. ಅವ್ವ ಬೇಡ ಅನ್ನಲಿಲ್ಲವೆಂದು ನೀನು ಇಂದಿಗೂ ಅವಳೊಂದಿಗೆ ಮಾತು ಬಿಟ್ಟಿದ್ದೀ. ಅಕ್ಕಾ, ಅವಳು ಅಂದಿದ್ದಳು. ಗೋಡೆಗೆ ಮುಖ ಮಾಡಿ, "ಹುಡುಗಿಗೆ ಮನಸಿಲ್ರಿ, ಈ ಮದಿವಿ ಬ್ಯಾಡ್ರಿ" ಅಂದಿದ್ದಳು. ಆ ಗದ್ದಲದಲ್ಲಿ ಯಾರಿಗೂ ತಿಳಿಯಲಿಲ್ಲ. "ನಿಮ್ಮವ್ವ ಏನಂದ್ಲು?" ಎಂದು ದೊಡ್ಡಪ್ಪ ಅವಳ ಪಕ್ಕದಲ್ಲಿದ್ದ ನನ್ನನ್ನು ಕೇಳಿದರು. "ದೊಡ್ಡಾಕಿ ಮದಿವಿ ಮುಗದ್ರ ಸಣ್ಣಾಕಿನ್ನ ಓದಸೂಣು" ಎಂದು ಅವರು ಆಗಲೇ ಹೇಳಿದ್ದರು. ನಾನು "ಹೂಂ ಅಂದ್ಲ್ರಿ" ಅಂದೆ. ಅವ್ವ ತಿರುಗಿ ನನ್ನ ಮುಖ ನೋಡಿದಳು. ನಿನ್ನ ಸಿಟ್ಟನ್ನೆಲ್ಲ ತಾನೇ ಹೊತ್ತಳು, ಇವತ್ತಿಗೂ ನನ್ನ ಹೆಸರು ಹೇಳಿಲ್ಲ. ಮಾತು ಬಿಡುವುದಿದ್ದರೆ ನನ್ನೊಂದಿಗೆ ಬಿಡು. ಅವ್ವನಿಗೊಂದು ಫೋನ್ ಮಾಡು.