ತಂಪಿನ ಸರದಿ

ಬೀದರಿನ ಒಳಊರು,
ಕ್ರಿಸ್ತಶಕ ೨೨೧೮, ಕಾರ್ತಿಕ ಮಾಸ.

ನಮಗಿಂತ ಇನ್ನೂರು ವರ್ಷ ಮೊದಲು ಇದೇ ನೆಲದ ಮೇಲೆ ಬಾಳುತ್ತಿರುವ ಹಿರಿಯರಿಗೆ ಚಂದ್ರಭಾಗಾ ಮಾಡುವ ನಮಸ್ಕಾರ.

ಮೇಲಿನ ತಾರೀಖನ್ನು ನೀವು ನಂಬಲಾರಿರಿ ಎಂದು ಬಲ್ಲೆ. ನನ್ನ ಮಾತೂ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸೀತು, ಮನ್ನಿಸಬೇಕು. ವರ್ಷದ ಅರ್ಧ ಒಂದು ಸೀಮೆಯಲ್ಲಿ, ಇನ್ನರ್ಧ ಇನ್ನೊಂದು ಸೀಮೆಯಲ್ಲಿ ಬದುಕುವ ಜನ ನಾವು. ಬೀದರಿನ ಮಾತಿಗೆ ಹಾಸನದ ಮಾತು, ಅದಕ್ಕೆ ಕುಂದಾಪುರದ ಮಾತು ಬೆರೆತು ನಮ್ಮ ಕನ್ನಡ ಬೇರೆಯೇ ಆಗಿಬಿಟ್ಟಿದೆ. ನಿಮ್ಮ ಕಾಲದ ಬರಹಗಳನ್ನು ಓದಿ ಕಲಿತವಳಾದ್ದರಿಂದ ಆದಷ್ಟು ನಿಮ್ಮಂತೆಯೇ ಬರೆಯಲು ನೋಡುತ್ತೇನೆ.

ಆ ಬರಹಗಳಲ್ಲಿ ಒಂದು ಪ್ರಶ್ನೆ ನನಗೆ ಮತ್ತೆ ಮತ್ತೆ ಎದುರಾಯಿತು. ನಮ್ಮ ರಾಜ್ಯದಲ್ಲಿ ಯಾವ ಊರಿನ ಹವೆ ಚೆನ್ನ? ನಿವೃತ್ತಿಯಾದ ಮೇಲೆ ಮೈಸೂರಿನಲ್ಲಿ ಮನೆ ಕಟ್ಟಬೇಕೋ, ಬೆಳಗಾವಿಯಲ್ಲೋ? ಮಂಗಳೂರಿನ ಸೆಕೆ ತಡೆಯಬಹುದೇ? ಕಲಬುರಗಿಗೆ ವರ್ಗವಾದರೆ ಬೇಸಿಗೆ ಕಳೆಯುವುದು ಹೇಗೆ? ಊರೂರನ್ನು ಪಕ್ಕಪಕ್ಕ ಇಟ್ಟು, ಸೀರೆ ಆರಿಸಿದಂತೆ ಹವೆ ಆರಿಸುತ್ತಿದ್ದಿರಿ. ಓದುವಾಗ ನನಗೆ ನಗು ಬರಲಿಲ್ಲ. ಆಯ್ಕೆ ಮಾಡುವಷ್ಟು ಒಳ್ಳೆಯ ಊರುಗಳು ನಿಮ್ಮ ಕೈಯಲ್ಲಿದ್ದವು ಎಂಬುದೇ ಎದೆಗೆ ಚುಚ್ಚಿತು.

ನಮ್ಮ ಕಾಲದ ಉತ್ತರ ಹೇಳುತ್ತೇನೆ. ಬೀದರ ಎತ್ತರದ ಕೆಂಪುಕಲ್ಲಿನ ಮೇಲಿದೆ. ಇಲ್ಲಿ ಮಳೆ ಕಡಿಮೆ, ಹಾಗಾಗಿ ಮಳೆಗಾಲದಿಂದ ಮಾಘದವರೆಗೂ ಗಾಳಿ ಒಣಗಿ ಹಗುರವಾಗಿರುತ್ತದೆ, ಹಪ್ಪಳ ಹಾಕಿದರೆ ಮಧ್ಯಾಹ್ನಕ್ಕೆ ಸಿದ್ಧ. ಹೋಳಿ ಕಳೆದರೆ ಹೊರಗೆ ನಿಂತ ಮನುಷ್ಯ ಉಳಿಯುವುದಿಲ್ಲ. ಕೆಳಗಿನ ಕಲಬುರಗಿ, ರಾಯಚೂರುಗಳಲ್ಲಿ ಈಗ ಮನೆಗಳಿಲ್ಲ, ಬಿಸಿಲುಹೊಲಗಳಿವೆ. ಬಿಸಿಲಿನಿಂದ ಕರೆಂಟು ಬೆಳೆಯುವ ಗಾಜಿನ ಬಯಲುಗಳನ್ನು ನಾವು ಹಾಗೆ ಕರೆಯುತ್ತೇವೆ. ಕರಾವಳಿಯಲ್ಲಿ ಬಿಸಿಲು ನಮ್ಮಷ್ಟು ಇಲ್ಲ, ಆದರೆ ಅಲ್ಲಿ ಬೆವರುಗಟ್ಟು ಉಂಟು. ಗಾಳಿಯಲ್ಲಿ ನೀರು ತುಂಬಿ ಮೈಯ ಬೆವರು ಆರದೆ, ನೆರಳಿನಲ್ಲಿ ಕೂತವನೂ ಒಳಗೊಳಗೇ ಬೆಂದುಹೋಗುವುದಕ್ಕೆ ಆ ಹೆಸರು. ಮಳೆಗಾಲದಲ್ಲಿ ಸಮುದ್ರ ಕುಂದಾಪುರದ ಬೀದಿಗೆ ಬರುತ್ತದೆ. ಬೆಂಗಳೂರು, ಮೈಸೂರಿನ ಬಯಲಿನಲ್ಲಿ ಹವೆ ಹೇಗೋ ತಡೆಯಬಹುದು, ಕುಡಿಯುವ ನೀರಿಗೆ ಮಾತ್ರ ದಿನವೂ ಜಗಳ. ಉಳಿದದ್ದು ಹಾಸನದಾಚೆಯ ಏರುನೆಲ. ಬೇಸಿಗೆಯಲ್ಲಿ ಮಗುವನ್ನು ಅಂಗಳಕ್ಕೆ ಬಿಡಬಹುದಾದ ಜಾಗ ಅದೊಂದೇ. ಅಲ್ಲೂ ಮಳೆಗಾಲದಲ್ಲಿ ಗೋಡೆ ಒದ್ದೆಯಾಗಿ ಹಸಿರುಗಟ್ಟುತ್ತದೆ, ಎಳೆಗೂಸುಗಳ ಎದೆ ಕಟ್ಟುತ್ತದೆ.

ಹೀಗಾಗಿ ನಮ್ಮ ಮುತ್ತಜ್ಜಿಯರ ಕಾಲದಲ್ಲಿ ಮೂರು ಸೀಮೆಯವರು ಕೂಡಿ ಒಂದು ಕಟ್ಟು ಮಾಡಿಕೊಂಡರು. ಅದರ ಹೆಸರು ಋತುನಂಟು. ಬೇಸಿಗೆಗೆ ನಾವು ಹಾಸನದವರ ಮನೆಗೆ ಹೋಗುವುದು, ಅದು ತಂಪಿನ ಸರದಿ. ಮಳೆಗಾಲಕ್ಕೆ ಕರಾವಳಿಯವರೂ ಹಾಸನದ ಬಸುರಿ ಬಾಣಂತಿಯರೂ ನಮ್ಮಲ್ಲಿಗೆ ಬರುವುದು, ಅದು ಒಣಸರದಿ. ಚಳಿಗಾಲದಲ್ಲಿ ಹಾಸನದವರು ಬಂದು ಜೋಳ, ತೊಗರಿ ಒಯ್ಯುತ್ತಾರೆ. ಒಂದು ಮನೆಗೆ ಒಂದು ಮನೆ ನಂಟು, ತಲೆಮಾರಿನಿಂದ ತಲೆಮಾರಿಗೆ. ನಂಟರ ಎದುರು ಬಾಗಿಲು ಹಾಕಿದವರ ಕಥೆಯನ್ನು ನಾನು ಚಿಕ್ಕವಳಿದ್ದಾಗ ಯಾರ ಬಾಯಲ್ಲೂ ಕೇಳಿರಲಿಲ್ಲ.

ನಮ್ಮ ನಂಟಿನ ಮನೆ ಆಲೂರಿನಾಚೆಯ ಕೆಂಚನಕೊಪ್ಪಲಿನಲ್ಲಿ. ನಾನು ಹುಟ್ಟಿದ್ದು ಅಲ್ಲಿ, ಒಂದು ತಂಪಿನ ಸರದಿಯಲ್ಲಿ. ಅದೇ ವಾರ ಆ ಮನೆಯಲ್ಲೂ ಒಂದು ಹೆಣ್ಣು ಹುಟ್ಟಿತು, ಪುಟ್ಟತಾಯಿ. ಅವಳ ತಾಯಿ ಹೆರಿಗೆಯಲ್ಲೇ ತೀರಿಕೊಂಡಳು. ನಮ್ಮವ್ವ ಒಂದು ಮೊಲೆ ನನಗೆ, ಒಂದು ಮೊಲೆ ಅವಳಿಗೆ ಕೊಟ್ಟು ಇಬ್ಬರನ್ನೂ ಸಾಕಿದಳು. ಮಳೆ ಹಿಡಿದ ಮೇಲೆ ಅವಳನ್ನೂ ಮಡಿಲಲ್ಲಿಟ್ಟುಕೊಂಡು ಬೀದರಿಗೆ ಬಂದಳು. ಎರಡು ವರ್ಷ ಪುಟ್ಟತಾಯಿ ನಮ್ಮವ್ವನ ಸೆರಗು ಬಿಟ್ಟಿರಲಿಲ್ಲ. ದೊಡ್ಡವಳಾದ ಮೇಲೂ ಅವ್ವನನ್ನು ಅವಳು ಅವ್ವಾ ಎಂದೇ ಕರೆದಳು. ನನ್ನ ಮದುವೆಯಲ್ಲಿ ಅರಿಸಿನ ಹಚ್ಚಿದವಳು ಅವಳು. ಅವಳ ಮಗಳು ಚೆಲುವಿ ಹುಟ್ಟಿದಾಗ ನಡುರಾತ್ರಿಯ ಬಿಸಿನೀರಿಗೆ ಎದ್ದವಳು ನಾನು.

ಈ ವರ್ಷದ ಸಂಕ್ರಾಂತಿಗೂ ಪುಟ್ಟತಾಯಿ ಬಂದಿದ್ದಳು. ಸಜ್ಜೆ ರೊಟ್ಟಿ, ಪುಂಡಿಪಲ್ಲೆ ಕೇಳಿ ಕೇಳಿ ಹಾಕಿಸಿಕೊಂಡು ಉಂಡಳು. ಅವ್ವನ ಕಾಲಿಗೆ ಎಣ್ಣೆ ತಿಕ್ಕಿದಳು. ನಮ್ಮ ಒಳಊರನ್ನು ನೋಡಿಕೊಂಡು ಬಂದಳು. ಒಳಊರು ಅಂದರೆ, ನಿಮ್ಮ ಕಾಲಕ್ಕೇ ಹಳೆಯವಾಗಿದ್ದ, ನೆಲದಡಿ ನೀರು ಹರಿಯುವ ಸುರಂಗಗಳನ್ನು ಅಗಲಿಸಿ ಮಾಡಿಕೊಂಡ ಆಸರೆ. ಪಯಣ ಮಾಡಲಾಗದ ಕೆಲವರು ಬೇಸಿಗೆಯಲ್ಲಿ ಅಲ್ಲಿರುತ್ತಾರೆ, ಇಡೀ ಊರಿಗೆ ಅದು ಸಾಲದು. "ಇನ್ನೂ ಒಂದಷ್ಟು ತೋಡಿಸ್ಕಬಾರ್ದಾ?" ಎಂದು ಸುಮ್ಮನೆ ಕೇಳಿದಂತೆ ಕೇಳಿದಳು. "ಯಾಕ ತೋಡಬೇಕು, ನಿಮ್ಮನಿ ಇಲ್ಲೇನು?" ಎಂದು ನಾನು ನಕ್ಕೆ. ಅವಳೂ ನಕ್ಕಳು. ಜೋಳದ ಚೀಲ ಹೇರಿಕೊಂಡು ಹೋದಳು.

ಹೋಳಿ ಹುಣ್ಣಿಮೆ ಕಳೆದ ಮೇಲೆ ನಾವು ಹೊರಟೆವು. ಸರದಿ ರೈಲು ನಸುಕಿನಲ್ಲಿ ಓಡಿ, ಬಿಸಿಲೇರಿದರೆ ನೆರಳಿನ ಚಪ್ಪರದಡಿ ನಿಂತು, ಮತ್ತೆ ಸಂಜೆಗೆ ಹೊರಡುತ್ತದೆ. ಅವ್ವ ಕಿಟಕಿಯ ಬಳಿ ಕೂತು ಅರಸೀಕೆರೆ ಬಂತಾ, ಹಾಸನ ಬಂತಾ ಎಂದು ಕೇಳುತ್ತಿದ್ದಳು. ಹಾಸನದಲ್ಲಿ ಇಳಿದು ಬಂಡಿ ಹಿಡಿದು ಕೆಂಚನಕೊಪ್ಪಲು ಸೇರಿದರೆ ಊರ ಹೊರಗೆ ಮುಳ್ಳುತಂತಿ ಎಳೆದಿತ್ತು. ಬೇಲಿಯಾಚೆ ಊರಿನ ಗಂಡಸರು ಸಾಲಾಗಿ ನಿಂತಿದ್ದರು. ಅವರ ಮುಂದೆ ಪುಟ್ಟತಾಯಿ. ಮಾತಾಡಲು ಅವಳನ್ನೇ ಮುಂದೆ ಬಿಟ್ಟಿದ್ದರು.

"ಚಂದ್ರಿ, ಈ ಸಲ ಒಳಿಕ್ ಬರ್ಬೇಡ ಕಣೆ" ಎಂದಳು.

ತಮಾಷೆ ಇರಬೇಕು ಅಂದುಕೊಂಡು ನಾನು ತಂತಿಗೆ ಕೈ ಹಾಕಿದೆ. ಒಬ್ಬ ಕೋಲು ಅಡ್ಡ ಹಿಡಿದ.

"ಕೆರೆ ತಳ ಕಾಣ್ತೈತೆ. ಮನೆ ಒಳಗೇ ಕುಂತ್ರೂ ಧಗೆ ತಡಿಯಾಕಾಗ್ತಿಲ್ಲ. ಇರೋ ನೀರು, ಇರೋ ತಂಪು ನಮಿಗೇ ಸಾಲಾಕಿಲ್ಲ. ಊರೋರೆಲ್ಲ ಕೂಡಿ ತೀರ್ಮಾನ ಮಾಡವ್ರೆ."

"ಊರವ್ರು ಮಾಡ್ಯಾರ. ನೀ ಏನಂದಿ?"

ಅವಳು ನನ್ನ ಮುಖ ನೋಡಲಿಲ್ಲ. "ನಾನೂ ಹೂಂ ಅಂದೆ."

"ಯಾವಾಗ?"

"ದೀಪಾವಳಿ ಆದ್ಮೇಲೆ."

"ಅಂದ್ರ ಸಂಕ್ರಾಂತಿಗಿ ನಮ್ಮನಿಗಿ ಬಂದಾಗ ನಿನಗ ಗೊತ್ತಿತ್ತು. ನಮ್ಮ ರೊಟ್ಟಿ ಉಣ್ಣಾಗ ಗೊತ್ತಿತ್ತು. ಆವಾಗೇ ಹೇಳಿದ್ರ ನಾವು ಚಳಿಗಾಲದಾಗ ಸುರಂಗ ತೋಡ್ಕೊಂತಿದ್ವಿ. ಹೇಳಬೇಕಿಲ್ಲೇನು?"

"ಹೇಳಿದ್ರೆ ಜೋಳ ಕೊಡ್ತಿದ್ರಾ?" ಎಂದಳು ಪುಟ್ಟತಾಯಿ.

ಅವಳು ಸಿಟ್ಟಿನಿಂದ ಅನ್ನಲಿಲ್ಲ. ತಾನು ಮೊದಲೇ ಯೋಚಿಸಿ ಮುಗಿಸಿದ್ದ ಮಾತನ್ನು ಹೇಳಿದಳು, ಅಷ್ಟೇ. ಅವಳು ಒಂದು ತಂಬಿಗೆ ಮಜ್ಜಿಗೆಯನ್ನು ತಂತಿಯ ಸಂದಿಯಿಂದ ಚಾಚಿದಳು. ನಾನು ಮುಟ್ಟಲಿಲ್ಲ. ಅವ್ವ ನನ್ನನ್ನು ಸರಿಸಿ ಮುಂದೆ ಬಂದು ಎರಡೂ ಕೈಯಲ್ಲಿ ಇಸಿದುಕೊಂಡು ಕುಡಿದಳು.

"ಆಕಿಗಿ ಬೈಬ್ಯಾಡ ಚಂದ್ರಿ" ಎಂದಳು ನನಗೆ. "ಆಕಿ ಮಾರಿ ನೋಡು, ಎಷ್ಟು ಸೊರಗ್ಯಾಳ."

ಪುಟ್ಟತಾಯಿ ಖಾಲಿ ತಂಬಿಗೆ ತೆಗೆದುಕೊಂಡು ತಿರುಗಿ ನೋಡದೆ ಹೋದಳು. ಅಕ್ಕಪಕ್ಕದ ಊರುಗಳಲ್ಲೂ ಬೇಲಿ ಎದ್ದಿತ್ತು. ಹಾಸನದ ನಿಲ್ದಾಣದ ಚಪ್ಪರ ನಮ್ಮಂಥವರಿಂದಲೇ ತುಂಬಿತ್ತು, ಅಲ್ಲಿ ನೀರಿರಲಿಲ್ಲ. ಬಂದ ರೈಲಿನಲ್ಲೇ ಮರಳಿದೆವು, ಸುಡುವ ಕಡೆಗೆ.

ಆ ಬೇಸಿಗೆ ಇಡೀ ಊರು ಸುರಂಗಕ್ಕೆ ಇಳಿಯಿತು. ನಡೆದಾಡುವ ದಾರಿಯಲ್ಲಿ, ನೀರಿನ ಕಾಲುವೆಯ ಅಂಚಿನಲ್ಲಿ, ಮೆಟ್ಟಿಲುಗಳ ಮೇಲೆ ಜನ ಮಲಗಿದರು. ಕಲ್ಲು ತಣ್ಣಗಿತ್ತು. ಆದರೆ ಅಷ್ಟು ಜನರ ಉಸಿರೂ ಬೆವರೂ ಹೊರಗೆ ಹೋಗುವ ದಾರಿಯಿಲ್ಲದೆ ಅಲ್ಲೇ ನಿಂತವು. ಮೊದಲು ಗೋಡೆಯಿಂದ ಹನಿ ಇಳಿಯಿತು, ಆಮೇಲೆ ಮೈಯ ಬೆವರು ಆರುವುದು ನಿಂತಿತು. ಕರಾವಳಿಯ ಮಾತು ಎಂದುಕೊಂಡಿದ್ದ ಬೆವರುಗಟ್ಟು ಒಣ ಬೀದರಿನ ನೆಲದಡಿಗೆ ನಮ್ಮ ಉಸಿರಿನಿಂದಲೇ ಬಂದಿತ್ತು. ನಾನು ಅವ್ವನಿಗೆ ಗಾಳಿ ಬೀಸುತ್ತಲೇ ಇದ್ದೆ. ಒಂದು ಬೆಳಗ್ಗೆ ಅವಳು ಸೆರಗನ್ನು ಹಿಂಡಿ, ಕೊಡವಿ, ಮತ್ತೆ ಹೊದ್ದುಕೊಂಡು, "ಸೆರಗು ಒಣಗವಲ್ದು ನೋಡವ್ವ" ಎಂದಳು. ಅದು ಅವಳು ನನಗೆ ಹೇಳಿದ ಕೊನೆಯ ಮಾತು. ಮಧ್ಯಾಹ್ನ ಆಗುವಷ್ಟರಲ್ಲಿ ಉಸಿರು ನಿಂತಿತ್ತು. ಹೊರಗೆ ಒಯ್ಯುವ ಹಾಗಿರಲಿಲ್ಲ. ಹೊತ್ತು ಮುಳುಗುವವರೆಗೆ ಅವಳ ಪಕ್ಕದಲ್ಲೇ ಕೂತಿದ್ದೆ, ಬೀಸಣಿಗೆ ಕೈಯಲ್ಲೇ ಇತ್ತು.

ಆಷಾಢದಲ್ಲಿ ಮಳೆ ಬಂತು. ನಾವು ಮೇಲೆ ಬಂದು ಮನೆಗಳ ಧೂಳು ಹೊಡೆದೆವು. ಒಣಸರದಿಗೆ ಕುಂದಾಪುರದ ನಂಟರು ಬಂದಿಳಿದರು. ಅವರನ್ನು ಕರೆತರಲು ನಿಲ್ದಾಣಕ್ಕೆ ಹೋದಾಗ, ಅವರಲ್ಲೊಬ್ಬನಾದ ಶೀನಣ್ಣನ ಹಿಂದೆ ಒಬ್ಬ ತುಂಬುಬಸುರಿ ನಿಂತಿದ್ದಳು. ಪುಟ್ಟತಾಯಿಯ ಮಗಳು ಚೆಲುವಿ.

"ಹೋಯ್ ಚಂದ್ರಕ್ಕ, ಈ ಹೆಣ್ಣ್ ರೈಲಂಗೆ ಒಬ್ಳೇ ಕೂಕಂಡಿತ್ತ್. ಬಿಟ್ಟಿಕ್ ಬಪ್ಕೆ ಮನ್ಸ್ ಬರ್ಲಿಲ್ಲ" ಎಂದ ಶೀನಣ್ಣ. ಬೇಸಿಗೆಯಲ್ಲಿ ನಡೆದದ್ದು ಅವನಿಗೆ ಗೊತ್ತಿರಲಿಲ್ಲ.

ಚೆಲುವಿ ತಲೆ ತಗ್ಗಿಸಿಕೊಂಡೇ ಮಾತಾಡಿದಳು. "ಅವ್ವ ಕಳ್ಸುದ್ಳು ದೊಡ್ಡಮ್ಮ. 'ಚಂದ್ರಿ ಬಾಗ್ಲು ತೆಗೀತಾಳೆ, ಅವ್ಳು ನನ್ನಂಗಲ್ಲ' ಅಂದ್ಳು."

ಬೇಲಿಯ ಹತ್ತಿರ ನಿಂತಾಗಲೂ ನನಗೆ ಅಷ್ಟು ಸಿಟ್ಟು ಬಂದಿರಲಿಲ್ಲ. ನನ್ನ ಒಳ್ಳೆಯತನವನ್ನು ಅವಳು ತನ್ನ ಮನೆಯ ಜಗುಲಿಯಂತೆ ನಂಬಿಕೊಂಡಿದ್ದಳು. ತಾನು ಮುರಿದ ಕಟ್ಟನ್ನು ನಾನು ಮುರಿಯಲಾರೆ ಎಂದು ಅವಳಿಗೆ ಗೊತ್ತಿತ್ತು, ಆ ಗೊತ್ತಿರುವಿಕೆಯ ಮೇಲೆಯೇ ಮಗಳನ್ನು ರೈಲು ಹತ್ತಿಸಿದ್ದಳು. ನಮ್ಮೂರಿನವರು ಸುತ್ತ ನಿಂತರು. ಸುರಂಗದಲ್ಲಿ ಮನೆಯವರನ್ನು ಕಳೆದುಕೊಂಡವಳು ನಾನೊಬ್ಬಳೇ ಅಲ್ಲ. "ಬಂದ ರೈಲಿಗೇ ಹತ್ತಸ್ರಿ" ಎಂದರು ಕೆಲವರು. ಅವರು ಅಂದದ್ದರಲ್ಲಿ ತಪ್ಪೇನು? ನನ್ನ ಬಾಯಿಗೂ ಅದೇ ಮಾತು ಬಂದಿತ್ತು.

ಚೆಲುವಿಯ ಕಾಲು ಬಾತಿದ್ದವು. ಅವಳ ಗಂಟು ಎತ್ತಿಕೊಂಡೆ. "ನಡಿ" ಎಂದೆ, ಅಷ್ಟೇ.

ಭಾದ್ರಪದದಲ್ಲಿ ಅವಳಿಗೆ ಹೆಣ್ಣು ಮಗು ಆಯಿತು. ಒಣ ಗಾಳಿಗೆ ಕೂಸು ಚೆನ್ನಾಗಿ ಉಸಿರಾಡುತ್ತದೆ, ಅಂಗಳದ ಎಳೆಬಿಸಿಲಿನಲ್ಲಿ ಕೈಕಾಲು ಬಡಿಯುತ್ತದೆ. ನಾನೇ ಎರೆದು, ಹೊಗೆ ಹಾಕಿ, ತೊಟ್ಟಿಲಿಗೆ ಹಾಕಿದ್ದೇನೆ. ನಾಮಕರಣದ ಹಿಂದಿನ ದಿನ ಚೆಲುವಿ ಹತ್ತಿರ ಬಂದು ಕೂತಳು. "ಅಜ್ಜಿ ಹೆಸ್ರೇ, ನಿಮ್ಮವ್ವನ್ದೇ, ಮಗೀಗೆ ಇಡ್ಲಾ ದೊಡ್ಡಮ್ಮ? ಅವ್ವನೂ ಅದ್ನೇ ಹೇಳಿ ಕಳ್ಸವ್ಳೆ" ಎಂದಳು.

"ಆ ಹೆಸರು ಬಿಟ್ಟು ಬ್ಯಾರೆ ಏನರ ಇಡು" ಎಂದೆ.

ಅವಳು ಅತ್ತಳು. ನಾನು ಸಮಾಧಾನ ಮಾಡಲಿಲ್ಲ. ಮಗುವಿಗೆ ಬೇರೆ ಹೆಸರಿಟ್ಟೆವು.

ಹಿರಿಯರೇ, ಈಗ ಕಾರ್ತಿಕ. ತಣ್ಣನೆಯ ತಿಂಗಳು ಇರುವಾಗಲೇ ಎಂದು ಊರಿನವರೆಲ್ಲ ಗುದ್ದಲಿ ಹಿಡಿದು ಕೆಂಪುಕಲ್ಲು ಕಡಿಯುತ್ತಿದ್ದೇವೆ, ಈ ಸಲ ಗಾಳಿ ಹೊರಹೋಗುವ ಕಿಂಡಿಗಳನ್ನೂ ಬಿಡುತ್ತಿದ್ದೇವೆ. ಕಲ್ಲು ಕಡಿಯುತ್ತ ಪುಟ್ಟತಾಯಿಯನ್ನು ನೆನೆಯುತ್ತೇನೆ, ಆಮೇಲೆ ನಿಮ್ಮನ್ನು ನೆನೆಯುತ್ತೇನೆ. ಬರುವುದನ್ನು ತಿಳಿದೂ ನಮ್ಮೆದುರು ಕೂತು ಉಂಡು ಎದ್ದವಳು ಅವಳು. ಅವಳಿಗೆ ಒಂದು ಚಳಿಗಾಲದಿಂದ ಗೊತ್ತಿತ್ತು. ಈ ಬಿಸಿಲು ಬರುತ್ತದೆಂದು ನಿಮಗೆ ಎಷ್ಟೋ ಚಳಿಗಾಲಗಳಿಂದ ಗೊತ್ತಿದೆ. ಅವಳಿಗಾದರೂ ಕೆರೆಯ ತಳ ಕಾಣುತ್ತಿತ್ತು, ಮನೆಯಲ್ಲಿ ಬಸುರಿ ಮಗಳಿದ್ದಳು. ನಿಮಗೆ ಏನಿತ್ತು?

ಕೇಳುವುದೊಂದೇ. ನಿಮ್ಮ ಕೈಯಲ್ಲಿ ಇನ್ನೂ ತಣ್ಣನೆಯ ತಿಂಗಳುಗಳಿವೆ. ಮನೆ ಕಟ್ಟಲು ಊರುಗಳ ಹವೆಯನ್ನು ಹೋಲಿಸುವಾಗ ರಾಯಚೂರನ್ನೂ ಕುಂದಾಪುರವನ್ನೂ ಬೇಡದ ಸಾಲಿಗೆ ತಳ್ಳಿ ಮುಂದೆ ಹೋಗಬೇಡಿ. ಅಲ್ಲಿರುವವರಿಗೆ ನಿಮಗೆ ತಿಳಿದದ್ದನ್ನು ಹೇಳಿ, ಹೇಳಿ ಅವರ ಜೊತೆ ನೆಲ ತೋಡಲು ನಿಲ್ಲಿ. ನೀವು ಮಾಡುತ್ತೀರಿ ಎಂಬ ಭರವಸೆ ನನಗಿಲ್ಲ. ನಾವು ಬದುಕಿ ಉಳಿದಿದ್ದೇವೆ, ಬಂದವರಿಗೆ ಬಾಗಿಲು ತೆರೆದಿದ್ದೇವೆ. ಅದನ್ನು ಕ್ಷಮೆ ಎಂದು ತಿಳಿಯಬೇಡಿ, ಪುಟ್ಟತಾಯಿಯ ಪಾಲಿಗೂ ಅಲ್ಲ, ನಿಮ್ಮ ಪಾಲಿಗೂ ಅಲ್ಲ.

ನಮ್ಮವ್ವನ ಹೆಸರನ್ನು ಈ ಪತ್ರದಲ್ಲಿ ಎಲ್ಲೂ ಬರೆದಿಲ್ಲ. ಮರೆತದ್ದಲ್ಲ. ಅದನ್ನು ನಿಮಗೂ ಕೊಡುವುದಿಲ್ಲ.

ಚಂದ್ರಭಾಗಾ